ಝಿವ್ಕೊ ಮತ್ತು ನನ್ನ ಹಳೆಯ ಇ-ರೀಡರ್

ಝಿವ್ಕೊಗೂ ಪುಸ್ತಕಕ್ಕೂ ಆಗಿಬರುವುದಿಲ್ಲ. ರೂಸೆ ನಗರದ ಶಾಲೆಯಲ್ಲಿ ನನ್ನಿಂದ ಸಾಹಿತ್ಯ ಕಲಿತೂ ಒಂದು ಕಾದಂಬರಿಯನ್ನು ಪೂರ್ತಿ ಓದದವನು ಅವನು. ಈಗ, ಜನ ಇ-ರೀಡರ್‌ಗಳಲ್ಲಿ ಬರೆದಿಟ್ಟ ಟಿಪ್ಪಣಿಗಳನ್ನು ಕಂಪ್ಯೂಟರಿಗೆ ತಂದು ಜೋಡಿಸಿಡುವ ತಂತ್ರಾಂಶ ಬರೆಯುತ್ತಾನೆ. ಓದದವನಿಗೆ ಓದುಗರಿಂದಲೇ ಅನ್ನ.

ನನ್ನ ಹಳೆಯ ಇ-ರೀಡರ್‌ನ ಪರದೆ ಮಸುಕಾಗತೊಡಗಿದಾಗ ಅವನ ಬಳಿಗೇ ಹೋದೆ. ನನ್ನ ಎಷ್ಟೋ ವರ್ಷದ ಟಿಪ್ಪಣಿಗಳು ಅದರೊಳಗಿದ್ದವು. ಬೇರೆಲ್ಲೂ ಪ್ರತಿ ಇರಲಿಲ್ಲ.

"ಟೀಚರ್, ಇದರ ಗುರುತೇ ನನ್ನ ತಂತ್ರಾಂಶಕ್ಕಿಲ್ಲ. ಮ್ಯೂಸಿಯಂಗೆ ಕೊಟ್ಬಿಡಿ."

"ಪಕ್ಕದಲ್ಲಿ ನಿನ್ನನ್ನೂ ಇಡಿಸ್ತೀನಿ. ಕೆಲಸ ನೋಡು."

ವಾರ ಬಿಟ್ಟು ಮತ್ತೆ ಹೋದಾಗ, ಆ ಹಳೆಯ ಮಾದರಿಗೂ ಹೊಂದುವಂತೆ ತಂತ್ರಾಂಶವನ್ನು ತಿದ್ದಿದ್ದ. ನನ್ನ ಟಿಪ್ಪಣಿಗಳೆಲ್ಲ ಕಂಪ್ಯೂಟರಿನಲ್ಲಿ ಒಂದರ ಕೆಳಗೊಂದು ಬಂದು ಕೂತವು. ಒಂದೂ ತಪ್ಪಿರಲಿಲ್ಲ. ಖುಷಿಗೆ, ತಂದಿದ್ದ ಚೀಸ್ ತುಂಬಿದ ತಿನಿಸು ಬನಿತ್ಸಾವನ್ನು ತಟ್ಟೆಸಮೇತ ಅವನ ಮುಂದಿಟ್ಟೆ.

ಇ-ರೀಡರ್ ಎತ್ತಿಕೊಳ್ಳಲು ಹೋದರೆ ಕೈ ಅಡ್ಡ ಹಿಡಿದ.

"ಇದು ಇನ್ನೆರಡು ದಿನ ಇಲ್ಲೇ ಇರಲಿ, ಟೀಚರ್."

"ಯಾಕೆ, ಇನ್ನೇನು ಬಾಕಿ?"

"ಟಿಪ್ಪಣಿ ಸರಿಯಾದ ಸಾಲಿಗೆ ಬಿದ್ದಿದೆಯಾ ಅಂತ ಇದರಲ್ಲಿರೋ ಒಂದು ಕಾದಂಬರಿ ತೆರೆದು ನೋಡ್ತಿದ್ದೆ. 'ಈ ವಿಧವೆ ಸುಳ್ಳು ಹೇಳುತ್ತಿದ್ದಾಳೆ' ಅಂತ ಬರೆದಿದೀರಿ. ನಂಗೇನೋ ಹಾಗನ್ನಿಸ್ತಿಲ್ಲ. ಕೊನೆಗೇನಾಗುತ್ತೆ ಅಂತ ಮಾತ್ರ ಹೇಳ್ಬೇಡಿ."

ಕುರ್ಚಿಯನ್ನು ಕಿಟಕಿಯ ಬೆಳಕಿಗೆ ತಿರುಗಿಸಿಕೊಂಡು ಮುಂದಿನ ಪುಟಕ್ಕೆ ಹೋದ.