ಮೀಟರಿನ ಮುಳ್ಳು ಏಳದ ವರ್ಷ

ನಮ್ಮ ಮನೆಯ ಮೋಟಾರು ಹಳೆಯದು. ಭಾಲ್ಕಿಯಲ್ಲಿ ತೊಗರಿ ವ್ಯಾಪಾರ ಮಾಡುತ್ತಿದ್ದ ಅಪ್ಪ ಔರಾದಿಗಾಗಲಿ ಬೀದರಿಗಾಗಲಿ ತಾವೇ ಅದನ್ನು ಓಡಿಸಿಕೊಂಡು ಹೋಗುತ್ತಿದ್ದರು. ಅದರ ಹೊಟ್ಟೆಯೊಳಗಿನ ಸಂಗತಿಯೆಲ್ಲ ತಮಗೆ ಗೊತ್ತು ಎಂಬ ಜಂಬ ಅವರಿಗೆ. ಇಂಜಿನು ಚೂರು ಕೆಮ್ಮಿದರೂ ಸಾಕು, ಧೋತರದ ಕಚ್ಚೆ ಬಿಗಿದು ಬಾನೆಟ್ಟಿನೊಳಗೆ ತಲೆ ತುರುಕುತ್ತಿದ್ದರು. ನಾವೆಲ್ಲ ನಗುತ್ತಿದ್ದೆವು. ಆ ಜಂಬ ಒಬ್ಬ ಮನುಷ್ಯನ ಬಾಳನ್ನೇ ಹಾಳುಮಾಡುತ್ತದೆ ಎಂದು ಗೊತ್ತಿದ್ದರೆ ನಗು ಬರುತ್ತಿರಲಿಲ್ಲ.

ರಜಾಕಾರರ ಹಾವಳಿ ಹೆಚ್ಚಿದಾಗ ನಾವು ಊರು ಬಿಟ್ಟು ಸೋಲಾಪುರದ ಸೋದರತ್ತೆಯ ಮನೆ ಸೇರಿದೆವು. ಮೋಟಾರು ಒಯ್ದರೆ ಗಡಿಯ ನಾಕಾದಲ್ಲೇ ಕಿತ್ತುಕೊಳ್ಳುತ್ತಾರೆಂಬ ಭಯವಿತ್ತು. ಎದುರು ಮನೆಯ ಚಾಚಾ ಅದನ್ನು ತಮ್ಮ ಉಣ್ಣೆಯ ಕೊಠಡಿಯಲ್ಲಿ ನಿಲ್ಲಿಸಿಕೊಂಡು, ಸುತ್ತಲೂ ಉಣ್ಣೆಯ ಮೂಟೆ ಒಟ್ಟಿ ಮರೆಮಾಡಿದರು. ಚಾಚಾ ಮುಸಲ್ಮಾನರು, ಕುರಿ ಉಣ್ಣೆಯ ವ್ಯಾಪಾರಿ, ಅಪ್ಪನ ಜೊತೆ ಗೋಲಿ ಆಡಿ ಬೆಳೆದವರು. "ನೀ ಹೆಂಡ್ರು ಮಕ್ಕಳನ್ನ ಕರ್ಕೊಂಡು ಹೋಗು. ಗಾಡಿ ಚಿಂತಿ ನಂಗ ಬಿಡು" ಎಂದರು. ಅಪ್ಪ ಹಿಂದೆಮುಂದೆ ನೋಡದೆ ಕೀಲಿ ಕೊಟ್ಟರು.

ಪೋಲೀಸ್ ಆ್ಯಕ್ಷನ್ ಮುಗಿದ ಮೇಲೆ ನಾವು ಮರಳಿದೆವು. ಆಗ ಚಾಚಾ ಊರಿನಲ್ಲಿರಲಿಲ್ಲ. ಭಯದ ಸರದಿ ಈಗ ಅವರದಾಗಿತ್ತು; ಸಾಯಗಾಂವದ ಕುರಿಗಾರರ ಮನೆಯಲ್ಲಿ ತಲೆಮರೆಸಿಕೊಂಡಿದ್ದರು. ಅವರ ಹೆಂಡತಿ ಚಾಚಿ ಪರದೆಯ ಹಿಂದಿನಿಂದಲೇ ಕೈ ನೀಡಿ ಅವ್ವನಿಗೆ ಕೀಲಿ ಕೊಟ್ಟರು. ಮೋಟಾರು ನಿಂತಲ್ಲೇ ನಿಂತಿತ್ತು. ಎಣ್ಣೆ ಹಾಕಿ ಹ್ಯಾಂಡಲು ತಿರುವಿದರೆ ಕೊಂಚ ಹೊತ್ತಿಗೆ ಚಾಲೂ ಆಯಿತು.

ಮರುವಾರ ಔರಾದಿಗೆ ಹೊರಟ ಅಪ್ಪ ಠಾಣಾ ಕುಶನೂರ ದಾಟಿದರೂ ಸ್ಪೀಡೋಮೀಟರಿನ ಮುಳ್ಳು ಸೊನ್ನೆ ಬಿಟ್ಟು ಏಳಲಿಲ್ಲ. ಮೈಲಿಯ ಅಂಕಿಗಳೂ ಕದಲಲಿಲ್ಲ. ಗಾಜಿನ ಮೇಲೆ ಬೆರಳಿನಿಂದ ತಟ್ಟಿದರಂತೆ, ಬೈದರಂತೆ. ಮನೆಗೆ ಬಂದವರು ಊಟಕ್ಕೂ ಕೂಡಲಿಲ್ಲ. ಹಿಂದಿನ ಗಾಲಿಗಳಿಗೆ ಜಾಕು ಕೊಟ್ಟು ಎತ್ತಿ, ಮುಂದಿನವಕ್ಕೆ ಕಲ್ಲು ಒತ್ತಿ, ಇಂಜಿನು ಚಾಲೂ ಮಾಡಿ ಗೇರು ಹಾಕಿದರು. ಆಮೇಲೆ ಅವ್ವನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡರು. ಅವ್ವ ಅದುವರೆಗೆ ಮುಂದಿನ ಸೀಟಿನಲ್ಲಿ ಕೂತವಳೇ ಅಲ್ಲ.

"ಮುಳ್ಳು ಏಳತದೇನು ನೋಡು."

"ಇಲ್ರಿ. ಸತ್ತಾಂಗ ಬಿದ್ದದ."

ಅಪ್ಪ ಇಂಜಿನು ನಿಲ್ಲಿಸಿ ಗಾಡಿಯ ಕೆಳಗೆ ನುಸುಳಿದರು. ಗೇರುಪೆಟ್ಟಿಗೆಯಿಂದ ಮೀಟರಿಗೆ ಹೋಗುವ ಕೊಳವೆಯೊಳಗೆ ಒಂದು ತಂತಿ ಇರುತ್ತದೆ. ಗಾಲಿಯ ಜೊತೆ ಅದು ತಿರುಗಿದರೆ ಮುಳ್ಳು ಏಳುತ್ತದೆ. ಕೆಳಗಿನ ತುದಿ ಬಿಗಿಯಾಗಿತ್ತು. ಮೀಟರಿನ ಹಿಂದೆ ಕೈ ಹಾಕಿದರೆ ಅಲ್ಲಿನ ನಟ್ಟು ಬಿಚ್ಚಿತ್ತು, ಕೊಳವೆ ಖಾಲಿಯಿತ್ತು. ತಂತಿಯನ್ನು ಯಾರೋ ಎಳೆದು ತೆಗೆದಿದ್ದರು.

"ಇಲಿ ಕಡದಿರಬೇಕ್ರಿ" ಎಂದಳು ಅವ್ವ.

"ಇಲಿ ನಟ್ಟು ಬಿಚ್ಚತದೇನು?" ಎಂದ ಅಪ್ಪನ ಮುಖ ಕಪ್ಪಿಟ್ಟಿತ್ತು.

ಆ ಕಾಲದ ಬಾಡಿಗೆ ಡ್ರೈವರುಗಳಿಗೆ ಒಂದು ಚಾಳಿಯಿತ್ತು. ಮಾಲೀಕನ ಕಣ್ಣು ತಪ್ಪಿಸಿ ಗಾಡಿ ಓಡಿಸಬೇಕಾದರೆ ಮೊದಲು ಮೀಟರಿನ ತಂತಿ ಬಿಚ್ಚುತ್ತಿದ್ದರು. ಎಷ್ಟು ಓಡಿದರೂ ಲೆಕ್ಕ ಸಿಗುತ್ತಿರಲಿಲ್ಲ. ಮೋಟಾರು ಇಟ್ಟುಕೊಂಡವರಿಗೆಲ್ಲ ಇದು ಗೊತ್ತಿತ್ತು. ಅಪ್ಪನ ತಲೆ ನೇರವಾಗಿ ಅಲ್ಲಿಗೇ ಓಡಿತು. ನಾವು ಊರಲ್ಲಿಲ್ಲದಾಗ ಈ ಗಾಡಿ ಓಡಿದೆ, ಬಂದೂಕಿನವರನ್ನು ಹೊತ್ತು ಓಡಿದೆ, ಚಾಚಾ ಕೊಟ್ಟಿದ್ದಾರೆ ಎಂದು ಅವರು ತೀರ್ಮಾನಿಸಿಬಿಟ್ಟರು. ಗಾಡಿಯ ರೋಗ ಹಿಡಿದೆನೆಂಬ ಹಿಗ್ಗೂ ಆ ಸಿಟ್ಟಿನಲ್ಲಿ ಸೇರಿತ್ತೆಂದು ನನ್ನ ಗುಮಾನಿ.

ಆಗ ರಜಾಕಾರರಿಗೆ ಯಾರು ಯಾರು ಕೈಜೋಡಿಸಿದ್ದರೆಂದು ಊರೂರಿನಲ್ಲಿ ವಿಚಾರಣೆ ನಡೆಯುತ್ತಿತ್ತು. ಹೊರಗಿನಿಂದ ಬಂದ ಅಧಿಕಾರಿಯೊಬ್ಬರು ನಮ್ಮ ಪಡಸಾಲೆಯಲ್ಲಿ ಕೂತು ಚಹಾ ಕುಡಿದರು. ನಿಮ್ಮ ಗಾಡಿಯನ್ನು ಯಾರಾದರೂ ಬಳಸಿದ್ದರೇ ಎಂದು ಕೇಳಿದರು. ನಾನು ಒಳಗೆ ಬಾಗಿಲ ಸಂದಿಯಲ್ಲಿ ನಿಂತಿದ್ದೆ. ಆ ವರ್ಷ ನನ್ನ ಮದುವೆ ಗೊತ್ತಾಗಿತ್ತು, ಹೊರಗೆ ಬರುವಂತಿರಲಿಲ್ಲ. ಅಪ್ಪ ಚಹಾದ ಬಟ್ಟಲು ಕೆಳಗಿಟ್ಟರು. ತಂತಿಯ ಮಾತು ಎತ್ತದಿರಲಿ ಎಂದು ನಾನು ಬೇಡಿಕೊಂಡೆ.

"ಮೀಟರಿನ ತಂತಿ ಬಿಚ್ಚ್ಯಾರ್ರೀ. ಗಾಡಿ ಇದ್ದದ್ದು ಎದುರು ಮನ್ಯಾಗ" ಎಂದರು ಅಪ್ಪ.

ಅಷ್ಟೇ ಸಾಕಾಯಿತು. ಸಾಯಗಾಂವದಿಂದ ಚಾಚಾ ಮನೆಗೆ ಬಂದ ದಿನವೇ ಅವರನ್ನು ಹಿಡಿದು ಬೀದರಿಗೆ ಒಯ್ದರು. ಎದುರು ಮನೆಯ ಒಲೆಯ ಹೊಗೆ ನಿಂತಿತು. ಅವ್ವ ತಡೆಯಲಾರದೆ ಸೆರಗಿನಲ್ಲಿ ರೊಟ್ಟಿ ಮುಚ್ಚಿಕೊಂಡು ಹೋದಳು, ನಾನೂ ಹಿಂದೆ ಹೋದೆ. ಚಾಚಿ ರೊಟ್ಟಿ ಮುಟ್ಟಲಿಲ್ಲ.

"ಬಂದೂಕಿನವರು ಗಾಡಿ ಕೇಳ್ಕೊಂತ ಬರ್ತಾರಂತ ಸುದ್ದಿ ಬಂತು ಅಕ್ಕಾ. ಇವರಿಗಿ ಮೋಟಾರಿಂದು ಏನು ಗೊತ್ತದ? ಒಂದು ನರ ಕಿತ್ತರ ಸಾಯ್ತದ ಅಂತ ಒಳಗ ಕೈ ಹಾಕಿ, ಸಿಕ್ಕಿದ್ದು ಬಿಚ್ಚಿ ಎಳೆದು ಬಾವಿಗೆ ಒಗದ್ರು. ಅವರು ಬಂದಾಗ ಗಾಡಿ ಸತ್ತದ, ತಂತಿನೇ ಇಲ್ಲ ಅಂತ ತೋರಿಸಿದ್ರು. ಬಂದವರಿಗೂ ಏನು ಗೊತ್ತಿತ್ತು? ಬೈದು ಹೋದ್ರು."

"ಮೊದಲೇ ಯಾಕ ಹೇಳಲಿಲ್ಲವ್ವಾ?" ಎಂದು ಅವ್ವ ಅತ್ತಳು.

"ನಮ್ಮನ್ನ ಯಾರು ಕೇಳಿದ್ರು?"

ಅವ್ವನಿಂದ ಇದನ್ನು ಕೇಳಿದ ಅಪ್ಪ ಅದೇ ಮೋಟಾರಿನಲ್ಲಿ ಬೀದರಿಗೆ ಓಡಿದರು. ಹೇಳಿಕೆಯನ್ನು ಚಹಾದ ಜೊತೆ ಕೊಟ್ಟಿದ್ದರು; ಅದನ್ನು ಹಿಂದಕ್ಕೆ ಪಡೆಯಲು ಎಷ್ಟೋ ಬಾಗಿಲು ಕಾದರು. ಕೇಳಿಹೋಗಿದ್ದ ಅಧಿಕಾರಿ ಬೇರೆ ಕಡೆ ಹೋಗಿದ್ದರು. ಹೊಸಬರು, ಈಗ ಯಾರಾದರೂ ಹೆದರಿಸಿದ್ದಾರೇನು ಎಂದು ಅಪ್ಪನನ್ನೇ ಅನುಮಾನಿಸಿದರು. ಅಪ್ಪನ ಮೇಲೆ ನನಗೆ ಕನಿಕರ ಬರಲಿಲ್ಲ. ಇಂದಿಗೂ ಪೂರ್ತಿ ಬಂದಿಲ್ಲ.

ಚಾಚಾ ಬಿಡುಗಡೆಯಾಗುವ ಹೊತ್ತಿಗೆ ನನ್ನ ಮದುವೆಯಾಗಿತ್ತು. ಬಾಣಂತನಕ್ಕೆಂದು ತವರಿಗೆ ಹೊರಟಿದ್ದ ನನ್ನನ್ನು ಅಪ್ಪ ಬೀದರಿನಿಂದ ಭಾಲ್ಕಿಗೆ ಕರೆತರುತ್ತಿದ್ದರು. ದಾರಿಯಲ್ಲಿ ಚಾಚಾ ಒಬ್ಬರೇ ನಡೆದು ಹೋಗುತ್ತಿದ್ದುದು ಕಂಡಿತು. ಗಡ್ಡ ಬೆಳ್ಳಗಾಗಿತ್ತು, ಎರಡು ಹೆಜ್ಜೆಗೊಮ್ಮೆ ನಿಂತು ಕೆಮ್ಮುತ್ತಿದ್ದರು. ಅಪ್ಪ ಗಾಡಿ ನಿಲ್ಲಿಸಿ ಇಳಿದು, ಬಾಗಿಲು ತೆರೆದು ಹಿಡಿದುಕೊಂಡರು. ಬಿಸಿಲು ಸುಡುತ್ತಿತ್ತು, ಊರು ಇನ್ನೂ ದೂರವಿತ್ತು.

"ಕೂಡು. ನಿನ್ನ ಕಾಲಿಗಿ ಬೀಳ್ತೇನಿ, ಕೂಡು" ಎಂದರು ಅಪ್ಪ.

ಚಾಚಾ ನನ್ನ ಕಡೆ ನೋಡಿ ತಲೆಯಾಡಿಸಿ ಹರಸಿದರು. ಆಮೇಲೆ ಅಪ್ಪನಿಗೆ ಹೇಳಿದರು:

"ಬ್ಯಾಡ್ರಿ ಸಾವಕಾರ್ರ. ನಾ ಇದ್ರಾಗ ಒಂದು ದಿನಾನೂ ಕೂತಿಲ್ಲ. ಈಗ ಕೂತ್ರ, ಆಗೂ ಕೂತಿದ್ದ ಅಂತೀರಿ."