ಬಂಗ್ಲೆ ಟೈಮು

ಬಂಗಲೆಯ ಗಡಿಯಾರ ಐದು ಹೊಡೆಯಿತು. ಊರಲ್ಲಿ ಆಗ ಇನ್ನೂ ನಾಲ್ಕೂವರೆ. ಅಲ್ಲಿಂದಲೇ ಎಲ್ಲ ಕೆಟ್ಟಿತು.

ಯಸಳೂರು ಕಡೆಯ ಆ ಹಳೆಯ ಎಸ್ಟೇಟ್ ಬಂಗಲೆಗೆ ನಾನು ಭಾನುವಾರಗಳಂದು ಗೈಡ್ ಆಗಿ ಹೋಗುತ್ತೇನೆ. ಸಂಬಳವಿಲ್ಲ, ಅಲ್ಲಿನ ಗಡಿಯಾರಗಳ ಮೇಲಿನ ಆಸೆ ಅಷ್ಟೆ. ಹಜಾರದಲ್ಲಿ ಕಿಟಕಿಯ ಪಕ್ಕ ಆಳೆತ್ತರದ ಲೋಲಕದ ಗಡಿಯಾರವಿದೆ. ಆಳುಗಳು ಬೇಗ ಬರಲೆಂದು ಹಿಂದಿನ ದೊರೆಗಳು ಅದನ್ನು ಅರ್ಧ ಗಂಟೆ ಮುಂದಿಟ್ಟಿದ್ದರಂತೆ. ದೊರೆಗಳು ಹೋದರು, ಅರ್ಧ ಗಂಟೆ ಉಳಿಯಿತು. ಎಂಬತ್ತು ದಾಟಿದ ಮನೆಯೊಡತಿ, ನಮಗೆಲ್ಲ ‘ಅಮ್ಮ’, ಊಟ, ಪ್ರಾರ್ಥನೆ ಎಲ್ಲವನ್ನೂ ಈ ‘ಬಂಗ್ಲೆ ಟೈಮಿ’ನಲ್ಲೇ ನಡೆಸುತ್ತಿದ್ದರು.

ಆ ದಿನ ನಾನು ನೋಡಲು ಬಂದವರೊಂದಿಗೆ ಮಹಡಿಯಲ್ಲಿದ್ದೆ. ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಕೆಳಗಿನ ಫೋನಿಗೆ ಕರೆ ಮಾಡಿ, ಸಲಗ ಬಂದಿದೆ, ಐದು ಗಂಟೆಯವರೆಗೆ ಹೊರಗೆ ಬರಬೇಡಿ ಎಂದು ಅಮ್ಮನಿಗೆ ಹೇಳಿದ್ದರು. ಐದು ಹೊಡೆದ ಮೇಲೆ ಅಮ್ಮ ಎಂದಿನಂತೆ ಮೇಣದಬತ್ತಿ ಹಿಡಿದು ಅಂಗಳದಲ್ಲಿರುವ ಮೇರಿ ಮಾತೆಯ ಕಲ್ಲಿನ ಗೂಡಿನತ್ತ ಹೊರಟರು.

ಬಂದವರನ್ನು ಮಹಡಿಯಲ್ಲೇ ಬಿಟ್ಟು ನಾನು ಇಳಿದು ಬಂದು ಕಿಟಕಿಯಲ್ಲಿ ನೋಡಿದಾಗ ಅವರು ಆ ಗೂಡಿಗೆ ಬೆನ್ನು ಒತ್ತಿ ನಿಂತಿದ್ದರು. ಗೂಡಿನ ಆಚೆ, ಹಲಸಿನ ಮರದಡಿ, ಆನೆ.

ಗಡಿಯಾರ ಐದೂವರೆ ಹೊಡೆಯಲು ಇನ್ನು ಸ್ವಲ್ಪವೇ ಇತ್ತು. ಅದರ ಸದ್ದು ಕೆಳಗಿನ ಆಳುಗಳ ಲೈನ್ ಮನೆಗಳವರೆಗೂ ಕೇಳುತ್ತದೆ. ಆನೆ ಬೆದರಿದರೆ ಓಡುವ ದಾರಿಯಲ್ಲಿ ಅಮ್ಮ ಇದ್ದರು. ಗಡಿಯಾರದ ಗಾಜಿನ ಬಾಗಿಲು ತೆರೆದು ಲೋಲಕವನ್ನು ಹಿಡಿದು ನಿಲ್ಲಿಸಿದೆ.

ಆ ಮನೆಯಲ್ಲಿ ಅಂಥ ಮೌನವನ್ನು ನಾನು ಕೇಳಿರಲಿಲ್ಲ. ಆನೆಯ ಉಸಿರು ಕೇಳಿಸಿತು. ಅದು ಹಣ್ಣನ್ನು ಪಾದದಡಿ ಇಟ್ಟು, ತೊಳೆ ನಜ್ಜಾಗದಷ್ಟು ಹದವಾಗಿ ಒತ್ತಿ ಸೀಳಿತು. ಭಯದಲ್ಲೂ ನಾನು ಆ ಪಾದವನ್ನೇ ನೋಡುತ್ತಿದ್ದೆ. ಕೊನೆಗೆ ಅದು ಕಾಫಿ ಗಿಡಗಳ ನಡುವೆ ಹೊಕ್ಕಿತು. ಅಷ್ಟು ದೊಡ್ಡ ಮೈಯ ಹಿಂದೆ ಎಲೆಗಳು ಸದ್ದಿಲ್ಲದೆ ಕೂಡಿಕೊಂಡವು.

ಜೀಪಿನಲ್ಲಿ ಧಾವಿಸಿ ಬಂದ ರೈಟರ್ ಅಂಗಳದಲ್ಲೇ ಕೂಗಿದರು: “ಐದು ಅಂದ್ರೆ ಊರ ಐದು ಕಣಮ್ಮ!”

“ಈ ಮನೇಲಿ ಇನ್ನೊಂದು ಐದು ಯಾವಾಗಿತ್ತು ಮಾರಾಯ?” ಎನ್ನುತ್ತಾ ಅಮ್ಮ ಬತ್ತಿಯನ್ನು ಗೂಡಿನಲ್ಲಿ ನಿಲ್ಲಿಸಿದರು.

ಲೋಲಕವನ್ನು ಬಿಟ್ಟು ಮೊಬೈಲ್ ನೋಡಿದೆ. ಗಡಿಯಾರದ ಮುಳ್ಳುಗಳು ನಿಂತಲ್ಲಿಗೇ ಊರಿನ ಗಂಟೆ ಬಂದು ಸೇರಿತ್ತು. ಆನೆ ಹಲಸು ತಿಂದು ಮುಗಿಸುವಷ್ಟರಲ್ಲಿ ಆ ಹಳೆಯ ಅರ್ಧ ಗಂಟೆ ಕಳೆದುಹೋಗಿತ್ತು.

“ತಿದ್ದೋಕೆ ಬಂದ ರಿಪೇರಿಯವರನ್ನೆಲ್ಲ ವಾಪಸ್ ಕಳಿಸಿದ್ದೆ. ಆನೆಗೆ ಬೇಡ ಅನ್ನೋಕಾಗುತ್ತಾ? ಇನ್ನು ಹೀಗೇ ಇರಲಿ ಬಿಡು ಮಗಳೇ,” ಎಂದರು ಒಳಗೆ ಬಂದು ಗಡಿಯಾರ ನೋಡಿದ ಅಮ್ಮ.

ಆಮೇಲೆ ಎಷ್ಟೋ ರಾತ್ರಿ, ಕಣ್ಣು ಮುಚ್ಚಿದರೆ ಬೆರಳಿಗೆ ಲೋಲಕದ ಹಿತ್ತಾಳೆಯ ತಂಪು ತಾಗುತ್ತಿತ್ತು, ಗಡಿಯಾರ ಹೊಡೆದೇಬಿಡುತ್ತಿತ್ತು, ನಾನು ಎದ್ದು ಕೂರುತ್ತಿದ್ದೆ. ಒಂದು ಭಾನುವಾರ ಅದು ನಿಜಕ್ಕೂ ಐದು ಹೊಡೆಯುವಾಗ ಅಮ್ಮ ನನ್ನ ತೋಳು ಹಿಡಿದು ಅಂಗಳಕ್ಕೆ ಇಳಿದರು. ಬತ್ತಿ ಹಚ್ಚಿದರು. ಹಲಸಿನ ಮರದಡಿ ಯಾರೂ ಇರಲಿಲ್ಲ. ಆ ರಾತ್ರಿ ಕನಸಲ್ಲಿ ಗಡಿಯಾರ ಹೊಡೆಯಲಿಲ್ಲ. ಮರುದಿನ ನಾನು ಕಣ್ಣು ಬಿಟ್ಟಾಗ ಹಾಸಿಗೆಯ ಮೇಲೆ ಬಿಸಿಲು ಬಿದ್ದಿತ್ತು.