ಈಶಾನ್ಯ ಮೂಲೆಯ ಪುಸ್ತಕಗಳು

ನನ್ನ ತಾತನ ಮನೆಯಲ್ಲಿ ದೊಡ್ಡ ಗ್ರಂಥಭಂಡಾರ ಇತ್ತು ಎಂದು ನಮ್ಮವರಿಗೆಲ್ಲ ಬಲು ಹೆಮ್ಮೆ. ನಿಜ, ಇತ್ತು. ದೇವರ ಕೋಣೆಯಲ್ಲಿ ಕೆಂಪು ಬಟ್ಟೆ ಸುತ್ತಿದ ಓಲೆಗರಿ ಕಟ್ಟುಗಳು, ಪಕ್ಕದಲ್ಲಿ ಅಚ್ಚಾದ ಪುರಾಣಗಳು. ದೂಳು ಒರೆಸಿ ವಿಭೂತಿ ಹಚ್ಚುವ ಕೆಲಸ ಅಜ್ಜಿಯದು. ಬಿಚ್ಚಿ ಓದುವ ಹಕ್ಕು ಮಾತ್ರ ಗಂಡಸರದು. ಆ ಹೆಮ್ಮೆಗಿಷ್ಟು ಬೆಂಕಿ ಹಾಕ!

ಅದಕ್ಕೇ ಬಸವೇಶ್ವರನಗರದಲ್ಲಿ ಮನೆ ಕಟ್ಟಿದಾಗ ಮಹಡಿಯ ಪೋರ್ಷನ್ ಬಾಡಿಗೆಗೆ ಕೊಟ್ಟು, ಕೆಳಗಿನ ಒಂದು ರೂಮನ್ನು ಹಟ ಮಾಡಿ ನನ್ನ ಪುಸ್ತಕಗಳಿಗೆ ಇಟ್ಟುಕೊಂಡೆ. ಮಗಳು ಹೋಂವರ್ಕ್ ಮಾಡಿದ್ದು, ಮುನಿಸಿಕೊಂಡು ಬಾಗಿಲು ಹಾಕಿಕೊಂಡದ್ದು ಎಲ್ಲ ಅಲ್ಲೇ. ನಾನು ಸ್ನಾನ ಆಗಿದೆಯೋ ಇಲ್ಲವೋ ನೋಡುವುದಿಲ್ಲ, ಒಗ್ಗರಣೆ ಹಾಕಿದ ಕೈಯಲ್ಲೇ ಹೋಗಿ ಓದುತ್ತೇನೆ.

ಹೋದ ವರ್ಷ ಮಗಳಿಗೆ ನೋಡಿದ ಸಂಬಂಧಗಳು ಒಂದೊಂದೇ ತಪ್ಪಿಹೋದವು. ನನ್ನ ಅಣ್ಣ ವಾಸ್ತು ನೋಡುವವರೊಬ್ಬರನ್ನು ಕರೆತಂದ. ಅವರು ಮೊಬೈಲಿನಲ್ಲಿ ದಿಕ್ಕು ನೋಡುತ್ತಾ ಬಂದು ಪುಸ್ತಕದ ರೂಮಿನ ಬಾಗಿಲಲ್ಲೇ ನಿಂತುಬಿಟ್ಟರು.

"ಈಶಾನ್ಯದಲ್ಲಿ ಇಷ್ಟೊಂದು ಭಾರ ಇಟ್ರೆ ಹೆಣ್ಮಗಳ ಮದ್ವೆ ಹೇಗಾಗುತ್ತೆ ಮೇಡಂ? ಮೊದ್ಲು ಖಾಲಿ ಮಾಡ್ಸಿ."

"ಪುಸ್ತಕ ಇಲ್ಲೇ ಇರುತ್ತೆ ಸ್ವಾಮಿ. ಬೇಕಾದ್ರೆ ಈಶಾನ್ಯನ ಬೇರೆ ಕಡೆ ಇಟ್ಕೊಳ್ಳಿ," ಎಂದೆ.

ಅಣ್ಣನಿಗೆ ಸಿಟ್ಟು ನೆತ್ತಿಗೇರಿತು. "ನಿಂಗೆ ಮಗಳು ಮುಖ್ಯನೋ, ಈ ರದ್ದಿ ಮುಖ್ಯನೋ? ಹೇಳ್ಬಿಡು!"

ರದ್ದಿಯಂತೆ! ಇಬ್ಬರಿಗೂ ಕಾಫಿ ಕೂಡ ಕೊಡದೆ ಗೇಟಿನ ತನಕ ಹೋಗಿ ಕಳಿಸಿ ಬಂದೆ. ಆದರೆ ಮಗಳ ಮನಸ್ಸಿನಲ್ಲೂ ಅದೇ ಇದ್ದರೆ? ಬಂಧುಬಳಗವನ್ನೆಲ್ಲ ಎದುರು ಹಾಕಿಕೊಂಡೇನು, ಅವಳನ್ನು ಎದುರು ಹಾಕಿಕೊಂಡು ನನ್ನಿಂದ ಬದುಕಲಾಗದು. ಅವಳು ಹೂಂ ಅಂದರೆ ಅವತ್ತೇ ರೂಮು ಖಾಲಿ ಮಾಡುವುದೆಂದು ತೀರ್ಮಾನಿಸಿಯೇ ಕೇಳಿದೆ.

"ತೆಗೆದುಬಿಡ್ಲೇನೇ?"

ಅವಳು ಕಪಾಟಿಗೆ ಒರಗಿ ನಿಂತಿದ್ದಳು. "ಬೇಡ ಕಣಮ್ಮ. ಈಗ ಎಲ್ರೂ ಪುಸ್ತಕನ ಬೈತಿದಾರೆ. ಇದನ್ನ ತೆಗೆದ ಮೇಲೂ ಮದ್ವೆ ಆಗ್ಲಿಲ್ಲ ಅಂದ್ರೆ, ಆಮೇಲೆ ನನ್ನಲ್ಲೇ ಏನೋ ಐಬಿದೆ ಅಂತಾರೆ."

ನನ್ನ ಮಗುವಿನ ಬಾಯಲ್ಲಿ ಇಂಥ ಮಾತು ಬರಿಸಿದವರ ಮನೆ ಹಾಳಾಗ ಎಂದು ಬೀದಿಗೆ ಕೇಳುವಂತೆ ಬೈದೆ.

ಮಾರನೆಯ ದಿನವೇ ಬಡಗಿಯನ್ನು ಕರೆಸಿ ಅದೇ ಮೂಲೆಗೆ ಇನ್ನೊಂದು ಕಪಾಟು ಮಾಡಿಸಿದೆ. ಭಾರ ಇನ್ನಷ್ಟು ಆಗಲಿ. ಬೈಯುವವರು ಇವುಗಳನ್ನೇ ಬೈದುಕೊಳ್ಳಲಿ.